ಎಲ್ಲ ಮಕ್ಕಳಿಗೂ ಓದು, ಎಲ್ಲರಿಗೂ ದನಿ: ಇದನ್ನೇ ವೃತ್ತಿ ಮಾಡಿಕೊಳ್ಳುವುದು ಹೇಗೆ?

1957ರ ಜನವರಿ. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಜಾನ್ಸ್ ದ್ವೀಪದಲ್ಲಿ ಒಂದು ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ರಾತ್ರಿ ಪಾಠ. ಕೂತವರು ಮಕ್ಕಳಲ್ಲ, ಇಡೀ ದಿನ ದುಡಿದು ಬಂದ ಕಪ್ಪು ಜನಾಂಗದ ದೊಡ್ಡವರು. ಓದು ಬರುತ್ತದೆ ಎಂದು ತೋರಿಸದಿದ್ದರೆ ಅಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರುತ್ತಿರಲಿಲ್ಲ. ಪಾಠ ಹೇಳಲು ನಿಂತ ಬರ್ನಿಸ್ ರಾಬಿನ್ಸನ್ ಟೀಚರ್ ಅಲ್ಲ, ಬ್ಯೂಟಿ ಪಾರ್ಲರ್ ಕೆಲಸದವರು. ಮೊದಲ ದಿನ ಅವರು ಪುಸ್ತಕ ತೆರೆಯಲಿಲ್ಲ. ನಿಮಗೆ ಏನು ಕಲಿಯಬೇಕು ಅಂತ ಕೇಳಿದರು. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಮನಿ ಆರ್ಡರ್ ಫಾರಂ ತುಂಬಬೇಕು ಎಂದರು ಜನ. ಪಾಠ ಅಲ್ಲಿಂದಲೇ ಶುರುವಾಯಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಗೋಡೆಗೆ ಅಂಟಿಸಿ, ತರಗತಿ ಮುಗಿಯುವಷ್ಟರಲ್ಲಿ ನೀವೆಲ್ಲ ಇದನ್ನು ಓದುವಂತಾಗಬೇಕು ಎಂದರು ರಾಬಿನ್ಸನ್.

1948ರ ಆ ಘೋಷಣೆಯ 26ನೇ ವಿಧಿ ಹೇಳುವುದು ಶಿಕ್ಷಣ ಪಡೆಯುವ ಹಕ್ಕಿನ ಬಗ್ಗೆ. 21ನೇ ವಿಧಿ ಹೇಳುವುದು ತನ್ನ ದೇಶದ ಆಡಳಿತದಲ್ಲಿ ಪಾಲು ಪಡೆಯುವ ಹಕ್ಕಿನ ಬಗ್ಗೆ. ನಾನು ಇಲ್ಲಿ ಹೇಳಹೊರಟ ವೃತ್ತಿ ಈ ಎರಡನ್ನೂ ಒಟ್ಟಿಗೆ ಹಿಡಿಯುವಂಥದ್ದು. ಮಕ್ಕಳಿಗೆ ಓದು ಸಿಗಬೇಕು. ಸಿಗದಿದ್ದಾಗ ಯಾಕೆ ಸಿಗಲಿಲ್ಲ ಎಂದು ಅವರ ಮನೆಯವರೇ ಕೇಳುವಂತಾಗಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ, ನೀವು ಹೊರಟ ಮೇಲೆ ಎಲ್ಲ ಮೊದಲಿನಂತೆಯೇ ಆಗಿಬಿಡುತ್ತದೆ. ನಾನೇ ಇದನ್ನು ಕಣ್ಣಾರೆ ಕಂಡಿದ್ದೇನೆ.

"ಈ ಕೆಲಸಕ್ಕೆ ಬರಬೇಕು ಅಂತಿದೆ, ಎಲ್ಲಿಂದ ಶುರು ಮಾಡಲಿ?" ಎಂದು ಕೇಳುವವರು ಆಗಾಗ ಸಿಗುತ್ತಾರೆ. ಈಗಷ್ಟೇ ಡಿಗ್ರಿ ಮುಗಿಸಿದವರು, ಬೇರೆ ಕಡೆ ಹತ್ತು ವರ್ಷ ದುಡಿದು ಸಾಕಾದವರು. ಇಬ್ಬರಿಗೂ ನಾನು ಹೇಳುವುದು ಹೆಚ್ಚುಕಡಿಮೆ ಇದೇ ದಾರಿ.

ಹೆಜ್ಜೆ 1: ಯಾವ ಕೊರತೆ ಎಂದು ಗುರುತಿಸಿಕೊಳ್ಳಿ

"ಶಿಕ್ಷಣದಲ್ಲಿ ಸಮಾನತೆ" ಎಂಬುದು ದೊಡ್ಡ ಮಾತು. ಅದನ್ನು ಹಾಗೇ ಇಟ್ಟುಕೊಂಡು ಕೆಲಸ ಹುಡುಕಲು ಆಗುವುದಿಲ್ಲ. ಬಿಡಿಸಿ ನೋಡಬೇಕು.

ಶಾಲೆಗೇ ಬಾರದ ಮಕ್ಕಳಿದ್ದಾರೆ. ಯುನೆಸ್ಕೋ 2024ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 25 ಕೋಟಿ ಮಕ್ಕಳು ಮತ್ತು ಹದಿಹರೆಯದವರು ಶಾಲೆಯಿಂದ ಹೊರಗಿದ್ದಾರೆ. ಶಾಲೆಗೆ ಬಂದೂ ಕಲಿಯದವರು ಇನ್ನೂ ಜಾಸ್ತಿ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ವರ್ಷದ ಮಕ್ಕಳಲ್ಲಿ ಸುಮಾರು ನೂರಕ್ಕೆ 70 ಮಂದಿಗೆ ಒಂದು ಸರಳ ಕಥೆ ಓದಿ ಅರ್ಥ ಮಾಡಿಕೊಳ್ಳಲು ಬರುವುದಿಲ್ಲ ಎಂದು ವಿಶ್ವಬ್ಯಾಂಕ್ 2022ರಲ್ಲಿ ಅಂದಾಜು ಮಾಡಿತ್ತು. ಮನೆಯಲ್ಲಿ ಒಂದು ಭಾಷೆ, ತರಗತಿಯಲ್ಲಿ ಇನ್ನೊಂದು ಎಂಬ ತೊಡಕು ಬೇರೆ. ತನಗೆ ತಿಳಿಯುವ ಭಾಷೆಯಲ್ಲಿ ಕಲಿಯುವ ಅವಕಾಶ ಜಗತ್ತಿನ ನೂರಕ್ಕೆ 40 ಜನರಿಗೆ ಇಲ್ಲ ಎನ್ನುತ್ತದೆ ಯುನೆಸ್ಕೋ. ಇದರ ಮೇಲೆ ಅಂಗವಿಕಲ ಮಕ್ಕಳಿಗೆ ಬೇಕಾದ ಸೌಲಭ್ಯ, ದೊಡ್ಡವಳಾದ ಮೇಲೆ ಶಾಲೆ ಬಿಡುವ ಹುಡುಗಿಯರು, ಕೆಲಸ ಹುಡುಕಿಕೊಂಡು ಊರೂರು ಅಲೆಯುವವರ ಮಕ್ಕಳು.

ಇವೆಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ನಿಜ. ಆದರೂ ಮೊದಲ ಮೂರು ವರ್ಷಕ್ಕೆ ಒಂದನ್ನು ಆರಿಸಿಕೊಳ್ಳಿ. ಯಾವುದು ಎಂದು ಗೊತ್ತಾಗದಿದ್ದರೆ ನಿಮ್ಮ ಬದುಕಿನಲ್ಲೇ ಹುಡುಕಿ. ನಿಮ್ಮ ಜೊತೆ ಓದುತ್ತಿದ್ದವರಲ್ಲಿ ಯಾರು ಮಧ್ಯದಲ್ಲೇ ಬಿಟ್ಟರು? ಯಾಕೆ? ಆ ಹೆಸರು, ಆ ಮುಖ ನೆನಪಾದರೆ ನಿಮ್ಮ ವಿಷಯ ಸಿಕ್ಕಿತು ಎಂದೇ ಲೆಕ್ಕ.

ಇಲ್ಲೇ ಇನ್ನೊಂದು ವಿಷಯ ತಿಳಿಯಾಗಿರಲಿ. ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವುದು ಒಂದು. ಯಾರಿಗೆ ಎಷ್ಟು ಕಡಿಮೆಯಿದೆಯೋ ಅಷ್ಟು ಹೆಚ್ಚು ಕೊಡುವುದು ಇನ್ನೊಂದು. ಮನೆಯಲ್ಲಿ ಯಾರಿಗೂ ಓದು ಬರದ ಮಗುವಿಗೂ, ಮನೆ ತುಂಬ ಪುಸ್ತಕ ಇರುವ ಮಗುವಿಗೂ ಒಂದೇ ಪಠ್ಯಪುಸ್ತಕ ಕೊಟ್ಟು ಇಬ್ಬರನ್ನೂ ಸಮವಾಗಿ ನೋಡಿದೆವು ಎನ್ನಲು ಬರುವುದಿಲ್ಲ. ಈ ವೃತ್ತಿ ಎರಡನೆಯ ಬಗೆಯದು. ಹಾಗಾಗಿ "ಅವರಿಗೆ ಯಾಕೆ ಜಾಸ್ತಿ?" ಎಂಬ ಪ್ರಶ್ನೆ ಇಡೀ ವೃತ್ತಿಯುದ್ದಕ್ಕೂ ನಿಮ್ಮ ಬೆನ್ನಿಗಿರುತ್ತದೆ. ಸಮಾಧಾನವಾಗಿ, ಲೆಕ್ಕ ಇಟ್ಟು ಉತ್ತರಿಸುವುದನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಿ.

ಹೆಜ್ಜೆ 2: ಒಂದು ವರ್ಷ ಮಕ್ಕಳ ಪಕ್ಕ ಕೂತುಕೊಳ್ಳಿ

ಇದನ್ನು ದಾಟಿ ಹೋಗಬೇಡಿ. ನೀವು ಮುಂದೆ ನೀತಿ ಬರೆಯುವವರಾಗಬಹುದು, ಅಂಕಿ-ಅಂಶ ನೋಡುವವರಾಗಬಹುದು, ವಕೀಲರಾಗಬಹುದು. ಆದರೂ ಒಂದು ವರ್ಷ, ವಾರಕ್ಕೆ ಕನಿಷ್ಠ ಎರಡು ದಿನ, ಅದೇ ಶಾಲೆ, ಅದೇ ಮಕ್ಕಳು. ಊರೆಲ್ಲ ಸುತ್ತಿ ಐವತ್ತು ಶಾಲೆ ನೋಡಿದವರಿಗಿಂತ ಒಂದೇ ಶಾಲೆಯಲ್ಲಿ ಕೂತವರಿಗೆ ಹೆಚ್ಚು ಗೊತ್ತಿರುತ್ತದೆ.

ಕೂತು ಏನು ಮಾಡಬೇಕು? ಓದಿಸಿ ನೋಡಿ. 2005ರಿಂದ ಭಾರತದಲ್ಲಿ ನಡೆಯುತ್ತಿರುವ 'ಅಸರ್' ಸಮೀಕ್ಷೆ ಇದಕ್ಕೊಂದು ಸುಲಭ ದಾರಿ ತೋರಿಸಿತು. ಸ್ವಯಂಸೇವಕರು ಮನೆಗೇ ಹೋಗಿ ಮಗುವಿನ ಪಕ್ಕ ಕೂತು ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಚಿಕ್ಕ ಕಥೆ ಇರುತ್ತವೆ. ಮಗು ಎಲ್ಲಿಯವರೆಗೆ ಓದುತ್ತದೋ ಅದೇ ಅದರ ಮಟ್ಟ. ಅಷ್ಟೇ. ಕೀನ್ಯಾ, ಟಾಂಜಾನಿಯಾ, ಉಗಾಂಡಗಳಲ್ಲೂ 'ಉವೇಜೊ' ಹೆಸರಿನಲ್ಲಿ ಇದೇ ರೀತಿಯ ಸಮೀಕ್ಷೆ ಬೆಳೆಯಿತು. ಮನೆಯ ಬಾಗಿಲಲ್ಲೇ ನಡೆಯುವುದರಿಂದ ತಂದೆ-ತಾಯಿಯ ಕಣ್ಣಿಗೂ ಬೀಳುತ್ತದೆ. ಅದೇ ಇದರ ದೊಡ್ಡ ಗುಣ.

ನಾನು ಕಲಿತ ಒಂದು ಸಣ್ಣ ವಿಷಯ ಹೇಳುತ್ತೇನೆ. ಶುರುವಿನಲ್ಲಿ ಒಬ್ಬ ಹುಡುಗಿ ಪಾಠದ ಇಡೀ ಪುಟವನ್ನು ನನಗೆ ಓದಿ ತೋರಿಸಿದಳು. ಎಲ್ಲೂ ತಡೆಯಲಿಲ್ಲ, ದನಿಯೂ ಸ್ಪಷ್ಟ. ನಾನು ಖುಷಿಯಾಗಿ ಅವಳ ಹೆಸರಿನ ಮುಂದೆ "ಓದುತ್ತಾಳೆ" ಎಂದು ಬರೆದುಕೊಂಡೆ. ಪಕ್ಕದಲ್ಲಿದ್ದ ಹಿರಿಯ ಟೀಚರ್ ಏನೂ ಅನ್ನದೆ ಅದೇ ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು, "ಇದೇನು ಪುಟ್ಟಾ?" ಎಂದರು. ಅವಳು ಸುಮ್ಮನಾದಳು. ಮೊದಲ ಸಾಲಿನಿಂದ ತುಟಿಯಲ್ಲೇ ಹೇಳಿಕೊಳ್ಳುತ್ತ ಆ ಪದದವರೆಗೆ ಬಂದು ಆಮೇಲೆ ಹೇಳಿದಳು. ಅವಳಿಗೆ ಪುಟ ಬಾಯಿಪಾಠವಾಗಿತ್ತು, ಓದು ಬಂದಿರಲಿಲ್ಲ. ಅವತ್ತಿನಿಂದ ನಾನು ಬೆರಳಿಡದೆ ಯಾವ ಮಗುವಿನ ಓದನ್ನೂ ಬರೆದುಕೊಂಡಿಲ್ಲ. ದೊಡ್ಡ ವರದಿಗಳನ್ನು ಓದುವಾಗಲೂ ಅದೇ ಅಭ್ಯಾಸ. "ನೂರಕ್ಕೆ ಇಷ್ಟು ಮಕ್ಕಳು ಓದುತ್ತಾರೆ" ಎಂದು ಬರೆದಿದ್ದರೆ, ಓದಿಸಿ ನೋಡಿದ್ದು ಹೇಗೆ ಎಂದು ಮೊದಲು ಹುಡುಕುತ್ತೇನೆ.

ಈ ಒಂದು ವರ್ಷ ದಿನಚರಿ ಬರೆಯಿರಿ. ಭಾವನೆ ಕಡಿಮೆ, ಕಂಡದ್ದು ಜಾಸ್ತಿ ಇರಲಿ. ಇವತ್ತು ಎಷ್ಟು ಮಕ್ಕಳು ಬಂದರು, ಯಾರು ಹಿಂದಿನ ಸಾಲಿನಲ್ಲಿ ಕೂತರು, ಪ್ರಶ್ನೆ ಯಾರಿಗೆ ಹೋಯಿತು, ಯಾರನ್ನು ಒಮ್ಮೆಯೂ ಕೇಳಲಿಲ್ಲ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಬೇರೆ ಯಾವ ಸರ್ಟಿಫಿಕೇಟೂ ಮಾಡದ ಕೆಲಸ ಈ ನೋಟ್‌ಬುಕ್ ಮಾಡುತ್ತದೆ.

ಮಕ್ಕಳ ಜೊತೆ ಇರುವಾಗ ಪಾಲಿಸಲೇಬೇಕಾದ ಕಟ್ಟುನಿಟ್ಟು ಕೆಲವಿವೆ. ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿನ ಜೊತೆ ಇರಬೇಡಿ. ಮನೆಯವರ ಒಪ್ಪಿಗೆ ಇಲ್ಲದೆ ಫೋಟೋ ತೆಗೆಯಬೇಡಿ. ಒಪ್ಪಿಗೆ ಇದ್ದರೂ ಮಗು ಬೇಡ ಎಂದರೆ ಬೇಡ. ಮಗು ತನ್ನ ಮೇಲಾದ ಹಿಂಸೆ ಹೇಳಿಕೊಂಡರೆ "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ಯಾರಿಗೆ ತಿಳಿಸಬೇಕು ಎಂಬ ನಿಯಮ ನಿಮ್ಮ ಸಂಸ್ಥೆಯಲ್ಲಿ ಇರಬೇಕು. ಇಲ್ಲದಿದ್ದರೆ ಅಂಥ ಕಡೆ ಕೆಲಸಕ್ಕೆ ಸೇರಬೇಡಿ.

ಹೆಜ್ಜೆ 3: ದುಡ್ಡು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಿರಿ

ಈ ಕ್ಷೇತ್ರಕ್ಕೆ ಬರುವವರಲ್ಲಿ ಹೆಚ್ಚಿನವರಿಗೆ ಮಕ್ಕಳೆಂದರೆ ಪ್ರೀತಿ, ಲೆಕ್ಕವೆಂದರೆ ಬೇಸರ. ಆದರೆ ತರಗತಿಯಲ್ಲಿ ಕಾಣುವ ಅರ್ಧ ಕೊರತೆ ಲೆಕ್ಕದ ಪುಸ್ತಕದಲ್ಲಿ ಹುಟ್ಟಿದ್ದು.

ಉಗಾಂಡದ ಕಥೆ ನೋಡಿ. ಅಲ್ಲಿ ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ಸಂಖ್ಯೆಗೆ ತಕ್ಕಂತೆ ಸರ್ಕಾರ ಅನುದಾನ ಕಳಿಸುತ್ತಿತ್ತು. 1991ರಿಂದ 1995ರವರೆಗೆ ಶಾಲೆಗಳಿಗೆ ನಿಜವಾಗಿ ಎಷ್ಟು ತಲುಪಿತು ಎಂದು ಶಾಲೆಗಳಿಗೇ ಹೋಗಿ ಲೆಕ್ಕ ಹಾಕಿದರು. ಸರಾಸರಿ ನೂರಕ್ಕೆ 13 ಭಾಗ ಮಾತ್ರ ತಲುಪಿತ್ತು. ಬಹುಪಾಲು ಶಾಲೆಗಳಿಗೆ ಏನೂ ಬಂದಿರಲಿಲ್ಲ. ಉಳಿದದ್ದು ನಡುವಿನ ಜಿಲ್ಲಾ ಮಟ್ಟದಲ್ಲೇ ಉಳಿದಿತ್ತು. ಆಮೇಲೆ ಸರ್ಕಾರ ಯಾವ ಜಿಲ್ಲೆಗೆ ಎಷ್ಟು ಕಳಿಸಿದೆ ಎಂದು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು. ಶಾಲೆಗಳೂ ಬಂದ ಹಣದ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಅಂಟಿಸಬೇಕಾಯಿತು. 2001ರ ಹೊತ್ತಿಗೆ ತಲುಪುವ ಪಾಲು ನೂರಕ್ಕೆ ಸುಮಾರು 80ಕ್ಕೆ ಏರಿತ್ತು. ಇದೆಲ್ಲ ಪತ್ರಿಕೆಯಿಂದಲೇ ಆಯಿತು ಎನ್ನಲಾಗದು, ಅದೇ ವರ್ಷಗಳಲ್ಲಿ ಬೇರೆ ಸುಧಾರಣೆಗಳೂ ನಡೆದವು. ಆದರೂ ಎಷ್ಟು ಬರಬೇಕಿತ್ತು ಎಂಬುದು ಮುಖ್ಯ ಶಿಕ್ಷಕರಿಗೆ, ಪೋಷಕರಿಗೆ ಗೊತ್ತಾದದ್ದು ಸಣ್ಣ ವಿಷಯವಲ್ಲ. ಗೊತ್ತಿಲ್ಲದ್ದನ್ನು ಕೇಳುವುದಾದರೂ ಹೇಗೆ?

ನೀವು ಮಾಡಬೇಕಾದ್ದು ಇಷ್ಟು. ನೀವು ಕೂರುವ ಶಾಲೆಗೆ ಹೋದ ವರ್ಷ ಎಷ್ಟು ಹಣ ಬಂತು, ಯಾವ ಬಾಬ್ತಿಗೆ, ಯಾವ ತಿಂಗಳಲ್ಲಿ ಬಂತು, ಯಾರ ಸಹಿಯಿಂದ ಖರ್ಚಾಯಿತು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ತಿಂಗಳನ್ನು ಮರೆಯಬೇಡಿ. ವರ್ಷದ ಕೊನೆಯಲ್ಲಿ ಬಂದ ಹಣ ಪುಸ್ತಕ ಕೊಳ್ಳಲು ಬರುವುದಿಲ್ಲ, ಖರ್ಚು ತೋರಿಸಲು ಮಾತ್ರ ಬರುತ್ತದೆ. ಈ ಹಾಳೆ ತುಂಬುವುದಕ್ಕೆ ನಿಮಗೆ ಮೂರು ತಿಂಗಳು ಹಿಡಿಯಬಹುದು. ಮುಖ್ಯ ಶಿಕ್ಷಕರ ಜೊತೆ, ಗುಮಾಸ್ತರ ಜೊತೆ, ಮೇಲಿನ ಕಚೇರಿಯ ಜೊತೆ ಮಾತಾಡಬೇಕಾಗುತ್ತದೆ. ತಪ್ಪು ಹುಡುಕಲು ಬಂದವರ ಹಾಗೆ ಹೋಗಬೇಡಿ. ಶಾಲೆಯವರಿಗೂ ಎಷ್ಟೋ ಸಲ ಅವರ ದುಡ್ಡು ಎಲ್ಲಿ ಸಿಕ್ಕಿಬಿದ್ದಿದೆ ಎಂದು ಗೊತ್ತಿರುವುದಿಲ್ಲ. "ಇದನ್ನು ಹುಡುಕೋಣ್ವಾ?" ಎಂದರೆ ಅವರೂ ಜೊತೆಗೆ ನಿಲ್ಲುತ್ತಾರೆ.

ಜೊತೆಗೆ ನಿಮ್ಮ ದೇಶದ ಮೂರು ಕಾಗದಗಳನ್ನು ಓದಿ. ಶಿಕ್ಷಣದ ಹಕ್ಕಿನ ಕಾನೂನು, ಮಾಹಿತಿ ಕೇಳುವ ಹಕ್ಕಿನ ಕಾನೂನು, ಶಾಲಾ ಸಮಿತಿಯ ನಿಯಮ. ಎಲ್ಲ ದೇಶದಲ್ಲೂ ಮೂರೂ ಇರುವುದಿಲ್ಲ. ಇರುವುದನ್ನು ಮೂಲದಲ್ಲೇ ಓದಿ, ಬೇರೆಯವರು ಬರೆದ ಸಾರಾಂಶ ಸಾಲದು. ಯಾವ ಮಾತು "ಮಾಡತಕ್ಕದ್ದು" ಎಂದಿದೆ, ಯಾವುದು "ಮಾಡಬಹುದು" ಎಂದಿದೆ ಎಂದು ಗೆರೆ ಎಳೆದು ನೋಡಿ. ಕಚೇರಿಯಲ್ಲಿ ನಿಮ್ಮ ಅರ್ಧ ಮಾತುಕತೆ ಆ ಎರಡು ಪದಗಳ ಮೇಲೆಯೇ ನಡೆಯುತ್ತದೆ.

ಹೆಜ್ಜೆ 4: ಸಭೆ ನಡೆಸಲು ಕಲಿಯಿರಿ

ಜನರನ್ನು ತೊಡಗಿಸುವುದು ಎಂದರೆ ಭಾಷಣ ಎಂದು ಅನೇಕರು ತಿಳಿದಿರುತ್ತಾರೆ. ಅದು ಅಲ್ಲ. ಸಭೆ ಕರೆಯುವುದು, ಕೇಳಿಸಿಕೊಳ್ಳುವುದು, ಬರೆದಿಡುವುದು, ಮುಂದಿನ ಸಭೆಯಲ್ಲಿ ಅದನ್ನೇ ಓದಿ ಹೇಳುವುದು. ಬೇಸರ ತರಿಸುವಷ್ಟು ಸಾಮಾನ್ಯ ಕೆಲಸ ಇದು. ಹಾಗಾಗಿಯೇ ಯಾರೂ ಕಲಿಸುವುದಿಲ್ಲ.

ಮೊದಲು ಹೊತ್ತು ನೋಡಿ. ಪೋಷಕರ ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟು "ಪೋಷಕರಿಗೆ ಆಸಕ್ತಿ ಇಲ್ಲ" ಎಂದು ವರದಿ ಬರೆದದ್ದನ್ನು ನಾನು ಎಷ್ಟೋ ಕಡೆ ಓದಿದ್ದೇನೆ. ದಿನಗೂಲಿಯವರು ಆ ಹೊತ್ತಿಗೆ ಬಂದರೆ ಅವತ್ತಿನ ದುಡಿಮೆಯೇ ಹೋಯಿತು. ಅವರ ಹೊತ್ತಿಗೆ, ಅವರ ಮನೆಯ ಹತ್ತಿರ ಸಭೆ ಇಡಿ. ಚಿಕ್ಕ ಮಕ್ಕಳನ್ನು ಕರೆದುಕೊಂಡೇ ಬರಲಿ. ಸುತ್ತಲೂ ಕೂತುಕೊಳ್ಳಿ. ಒಂದೇ ಕಡೆ ಮೇಜು-ಕುರ್ಚಿ, ಉಳಿದವರೆಲ್ಲ ನೆಲದ ಮೇಲೆ ಎಂದಾದರೆ ಅಲ್ಲಿಗೇ ಮಾತು ನಿಂತಿತು.

ಆಮೇಲೆ ಸಭೆಗೆ ಮೊದಲೇ ಮನೆಗೆ ಹೋಗಿ ಮಾತಾಡಿ. ಅರ್ಧ ಗಂಟೆ, ಒಬ್ಬರ ಜೊತೆ. ಕಾಗದ-ಪೆನ್ನು ಹೊರಗೆ ತೆಗೆಯಬೇಡಿ. ಮಗುವಿನ ಬಗ್ಗೆ ಏನು ಆಸೆ, ಶಾಲೆಯಲ್ಲಿ ಯಾವುದು ನೋವು ತಂದಿತು, ಯಾರ ಮಾತನ್ನು ಈ ಬೀದಿಯವರು ಕೇಳುತ್ತಾರೆ. ಹತ್ತು ಮನೆ ಹೀಗೆ ಕೂತರೆ ಸಭೆಯಲ್ಲಿ ಮಾತಾಡುವವರು ಯಾರು ಎಂದು ಗೊತ್ತಾಗುತ್ತದೆ. ಬಹಳ ಸಲ ಅದು ಸಮಿತಿಯಲ್ಲಿ ಹೆಸರಿರುವವರಾಗಿರುವುದಿಲ್ಲ.

ಸಮಿತಿಯ ವಿಷಯ ಬಂದಿದ್ದರಿಂದ ಒಂದು ಅಧ್ಯಯನ ಹೇಳಲೇಬೇಕು. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2005-06ರ ಹೊತ್ತಿಗೆ ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯೂ ಅರ್ಥಶಾಸ್ತ್ರಜ್ಞರ ಒಂದು ತಂಡವೂ ಸೇರಿ ಮೂರು ಬಗೆಯ ಪ್ರಯೋಗ ಮಾಡಿದರು. ಕೆಲವು ಹಳ್ಳಿಗಳಲ್ಲಿ ಶಾಲಾ ಸಮಿತಿಗೆ ಯಾವ ಅಧಿಕಾರವಿದೆ ಎಂದು ಸಭೆ ಮಾಡಿ ತಿಳಿಸಿದರು. ಕೆಲವು ಕಡೆ ಅದರ ಜೊತೆಗೆ ಮಕ್ಕಳ ಓದನ್ನು ತಾವೇ ಪರೀಕ್ಷಿಸಿ ಹಳ್ಳಿಯ ಅಂಕಪಟ್ಟಿ ಮಾಡಲು ಜನರಿಗೆ ಕಲಿಸಿದರು. ಇನ್ನು ಕೆಲವು ಕಡೆ ಇವೆರಡರ ಜೊತೆಗೆ ಓದಿಸುವ ಶಿಬಿರ ನಡೆಸಲು ಊರಿನ ಯುವಕ-ಯುವತಿಯರಿಗೆ ತರಬೇತಿ ಕೊಟ್ಟರು. ಸಮಿತಿಗಳು ಯಾವ ಕಡೆಯೂ ಚುರುಕಾಗಲಿಲ್ಲ. ತಾವು ಸದಸ್ಯರೆಂಬುದೇ ಗೊತ್ತಿಲ್ಲದ ಸದಸ್ಯರು ಎಷ್ಟೋ ಮಂದಿ ಇದ್ದರು. ಆದರೆ ಶಿಬಿರಕ್ಕೆ ಬಂದ ಮಕ್ಕಳ ಓದು ಮಾತ್ರ ಎದ್ದು ಕಾಣುವಷ್ಟು ಸುಧಾರಿಸಿತು.

ಇದನ್ನು ಓದಿ ಕೆಲವರು "ಜನರನ್ನು ತೊಡಗಿಸುವುದೆಲ್ಲ ವ್ಯರ್ಥ" ಎಂದುಬಿಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಾಹಿತಿ ಕೊಟ್ಟು "ಈಗ ನೀವೇ ಹೋರಾಡಿ" ಎಂದು ಕೈ ತೊಳೆದುಕೊಂಡರೆ ಜನ ಬರುವುದಿಲ್ಲ. ಇವತ್ತು ಸಂಜೆ ಮಾಡಬಹುದಾದ ಒಂದು ಕೆಲಸ ಕೈಗೆ ಕೊಟ್ಟರೆ ಬರುತ್ತಾರೆ. ನಿಮ್ಮ ಪ್ರತಿ ಸಭೆಯ ಕೊನೆಯಲ್ಲಿ ಅಂಥದ್ದೊಂದು ಕೆಲಸ ಇರಲಿ. ಯಾರು ಮಾಡುತ್ತಾರೆ, ಯಾವ ದಿನದೊಳಗೆ ಎಂದು ನಡವಳಿ ಪುಸ್ತಕದಲ್ಲಿ ಬರೆಯಿರಿ. ಅರ್ಜಿ ಕೊಟ್ಟರೆ ಎರಡು ಪ್ರತಿ ಮಾಡಿಸಿ. ಒಂದರ ಮೇಲೆ ಕಚೇರಿಯ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಬನ್ನಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಮೂರು ತಿಂಗಳ ನಂತರ ಯಾವ ಬೆಲೆಯೂ ಇರುವುದಿಲ್ಲ.

ಮಕ್ಕಳನ್ನೂ ಮರೆಯಬೇಡಿ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಅವರಿಗೂ ತಮ್ಮ ಅಭಿಪ್ರಾಯ ಹೇಳುವ ಹಕ್ಕು ಕೊಟ್ಟಿದೆ. ಕೊಲಂಬಿಯಾದ ಹಳ್ಳಿಗಳ ಬಹುವರ್ಗ ಶಾಲೆಗಳಲ್ಲಿ, ಅಂದರೆ ಹಲವು ತರಗತಿಗಳ ಮಕ್ಕಳು ಒಂದೇ ಕಡೆ ಕೂತು ಕಲಿಯುವ ಶಾಲೆಗಳಲ್ಲಿ, 1970ರ ದಶಕದಲ್ಲಿ ಶುರುವಾದ 'ಎಸ್ಕುವೆಲಾ ನುವೆವಾ' ಪದ್ಧತಿಯಲ್ಲಿ ಮಕ್ಕಳೇ ಚುನಾವಣೆ ಮಾಡಿ ವಿದ್ಯಾರ್ಥಿ ಸರ್ಕಾರ ಕಟ್ಟುತ್ತಾರೆ, ಸಮಿತಿಗಳಲ್ಲಿ ಶಾಲೆಯ ಕೆಲಸ ಹಂಚಿಕೊಳ್ಳುತ್ತಾರೆ. ಒಂದು ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಎಂಬುದನ್ನು ಹುಡುಗಿಯರು ಹೇಳಿದಷ್ಟು ಸರಿಯಾಗಿ ಯಾವ ಸಮೀಕ್ಷೆಯೂ ಹೇಳುವುದಿಲ್ಲ.

ಹೆಜ್ಜೆ 5: ಯಾವ ಕೆಲಸ ನಿಮ್ಮದು?

ಒಂದೆರಡು ವರ್ಷ ಹೀಗೆ ಕಳೆದ ಮೇಲೆ ನಿಮಗೆ ಯಾವುದು ಒಗ್ಗುತ್ತದೆ ಎಂದು ತಾನಾಗಿಯೇ ಗೊತ್ತಾಗುತ್ತದೆ. ಶಿಕ್ಷಕರಾಗುವುದು ಮೊದಲ ದಾರಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ದಾರಿಯೂ ಹೌದು. ಕಷ್ಟದ ಶಾಲೆಯಲ್ಲಿ ಹತ್ತು ವರ್ಷ ಚೆನ್ನಾಗಿ ಪಾಠ ಮಾಡಿದವರು "ನಾನು ಬರೀ ಟೀಚರ್" ಎನ್ನುವುದನ್ನು ಕೇಳಿದರೆ ಸಂಕಟವಾಗುತ್ತದೆ. ಅವರಿಗಿಂತ ಹೆಚ್ಚು ಕೆಲಸ ಮಾಡಿದವರು ಈ ಕ್ಷೇತ್ರದಲ್ಲಿ ಯಾರಿದ್ದಾರೆ?

ಸ್ವಯಂಸೇವಾ ಸಂಸ್ಥೆಗಳಲ್ಲಿ ಕ್ಷೇತ್ರ ಕಾರ್ಯಕರ್ತರು, ಶಿಕ್ಷಕರ ತರಬೇತುದಾರರು, ಯೋಜನಾ ಸಂಯೋಜಕರು ಬೇಕಿರುತ್ತಾರೆ. ಜನರ ಜೊತೆ ಬೆರೆಯುವುದು ಇಷ್ಟವಿದ್ದರೆ ಇದು. ಅಂಕಿ-ಅಂಶ ಹಿಡಿಸಿದರೆ ಸಮೀಕ್ಷೆ, ಮೌಲ್ಯಮಾಪನದ ಕೆಲಸ. ಕಾನೂನು ಓದಿದವರು ಮಕ್ಕಳ ಹಕ್ಕುಗಳ ಪ್ರಕರಣಗಳಲ್ಲಿ ತೊಡಗಬಹುದು. ಬರವಣಿಗೆ ಬಲ್ಲವರಿಗೆ ಶಿಕ್ಷಣದ ಪತ್ರಿಕೋದ್ಯಮ ಇದೆ. ಉಗಾಂಡದಲ್ಲಿ ಪತ್ರಿಕೆಯ ಒಂದು ಮೂಲೆ ಏನು ಮಾಡಿತು ಎಂದು ನೋಡಿದಿರಲ್ವಾ? ಸರ್ಕಾರಿ ಸೇವೆಯನ್ನು ಆದರ್ಶವಾದಿಗಳು ದೂರ ಇಡುತ್ತಾರೆ, ಅದು ತಪ್ಪು. ಸಾವಿರಾರು ಶಾಲೆಗಳ ಮೇಲೆ ಒಟ್ಟಿಗೆ ಪರಿಣಾಮ ಆಗುವುದು ಅಲ್ಲಿಂದ. ಚುನಾವಣೆಗೆ ನಿಲ್ಲುವುದೂ ಈ ವೃತ್ತಿಯ ಒಳಗಿನ ದಾರಿಯೇ. 1989ರಲ್ಲಿ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ ಊರಿನ ಜನರೇ ಸಭೆ ಸೇರಿ ನಗರದ ಬಜೆಟ್‌ನಲ್ಲಿ ಯಾವುದಕ್ಕೆ ಮೊದಲು ಹಣ ಇಡಬೇಕು ಎಂದು ತೀರ್ಮಾನಿಸುವ ಪದ್ಧತಿ ಶುರುವಾಯಿತು. ಅದನ್ನು ಆಗಮಾಡಿದ್ದು ಆಗತಾನೇ ಚುನಾವಣೆ ಗೆದ್ದು ಬಂದ ಆಡಳಿತ.

ಓದಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಾಠ ಮಾಡುವುದಾದರೆ ಶಿಕ್ಷಕರ ತರಬೇತಿ ಬೇಕೇ ಬೇಕು. ಉಳಿದ ಕೆಲಸಗಳಿಗೆ ಶಿಕ್ಷಣ, ಸಮಾಜಕಾರ್ಯ, ಅರ್ಥಶಾಸ್ತ್ರ, ಸಾರ್ವಜನಿಕ ನೀತಿ, ಕಾನೂನು ಯಾವುದಾದರೂ ನಡೆಯುತ್ತದೆ. ಮಾಸ್ಟರ್ಸ್ ಮಾಡುವುದಾದರೆ ಎರಡು ವರ್ಷ ಕೆಲಸ ಮಾಡಿದ ಮೇಲೆ ಹೋಗಿ. ಆಗ ತರಗತಿಯಲ್ಲಿ ಕೇಳಲು ನಿಮ್ಮದೇ ಪ್ರಶ್ನೆಗಳಿರುತ್ತವೆ. ಇದರ ಜೊತೆ ನೀವು ಕೆಲಸ ಮಾಡುವ ಜನರ ಭಾಷೆ ಮತ್ತು ಸ್ಪ್ರೆಡ್‌ಶೀಟ್, ಎರಡನ್ನೂ ಚೆನ್ನಾಗಿ ಕಲಿಯಿರಿ.

ಹೆಜ್ಜೆ 6: ಅರ್ಜಿ, ಇಂಟರ್ವ್ಯೂ, ಮತ್ತು ನೀವು ಕೇಳಬೇಕಾದ ಪ್ರಶ್ನೆಗಳು

ರೆಸ್ಯೂಮಿನಲ್ಲಿ "ಸಮಾಜಸೇವೆಯಲ್ಲಿ ಅಪಾರ ಆಸಕ್ತಿ" ಎಂದು ಬರೆಯಬೇಡಿ. ನೂರು ಅರ್ಜಿಯಲ್ಲಿ ತೊಂಬತ್ತು ಹಾಗೇ ಇರುತ್ತವೆ. ಬದಲಿಗೆ ಹೀಗೆ ಬರೆಯಿರಿ: "ಒಂದು ವರ್ಷ, ಒಂದೇ ಶಾಲೆಯಲ್ಲಿ, ನಾಲ್ಕನೇ ತರಗತಿಯ ಇಷ್ಟು ಮಕ್ಕಳನ್ನು ವಾರಕ್ಕೆ ಎರಡು ದಿನ ಓದಿಸಿದೆ. ಶುರುವಿನಲ್ಲಿ ಕಥೆ ಓದುತ್ತಿದ್ದವರು ಇಷ್ಟು, ಕೊನೆಯಲ್ಲಿ ಇಷ್ಟು. ಸುಧಾರಿಸದವರು ಇಷ್ಟು ಮಂದಿ, ಕಾರಣ ಹೀಗೆ." ಆ ಕೊನೆಯ ಸಾಲನ್ನು ಬಿಡಬೇಡಿ. ಆಗದ್ದನ್ನು ಹೇಳಬಲ್ಲವರ ಮೇಲೆ ನಂಬಿಕೆ ಹುಟ್ಟುತ್ತದೆ. ಜೊತೆಗೆ ನೀವು ಮಾಡಿದ ಹಣದ ಹಾಳೆ, ಹೆಸರು ಮರೆಮಾಚಿದ ಒಂದು ಸಭೆಯ ನಡವಳಿ, ದಿನಚರಿಯ ಎರಡು ಪುಟ ಇಟ್ಟರೆ ಸಾಕು.

ಇಂಟರ್ವ್ಯೂನಲ್ಲಿ ನೀವೂ ಪ್ರಶ್ನೆ ಕೇಳಿ. ಸಂಸ್ಥೆಗೆ ಹಣ ಎಲ್ಲಿಂದ ಬರುತ್ತದೆ, ಅದು ನಿಂತರೆ ಈ ಕೆಲಸ ಏನಾಗುತ್ತದೆ? ನೀವು ಯಾವ ಸಮುದಾಯದಲ್ಲಿ ಕೆಲಸ ಮಾಡುತ್ತೀರೋ ಆ ಸಮುದಾಯದವರು ನಿಮ್ಮ ತೀರ್ಮಾನ ಮಾಡುವ ಕುರ್ಚಿಗಳಲ್ಲಿ ಎಷ್ಟು ಮಂದಿ ಇದ್ದಾರೆ? ಹೋದ ವರ್ಷ ಯಾವುದನ್ನು ಆಗಲಿಲ್ಲವೆಂದು ಕೈಬಿಟ್ಟಿರಿ? ಈ ಮೂರನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಅದು ಒಳ್ಳೆಯ ಜಾಗ.

ಸಂಬಳದ ವಿಷಯಕ್ಕೆ ನಾಚಿಕೊಳ್ಳಬೇಡಿ. ಈ ಕೆಲಸದಲ್ಲಿ ಶುರುವಿನ ಸಂಬಳ ಬೇರೆ ವೃತ್ತಿಗಳಿಗಿಂತ ಕಡಿಮೆಯೇ ಇರುತ್ತದೆ. ಬಹಳ ಹುದ್ದೆಗಳು ಯೋಜನೆಯ ಅವಧಿಗೆ ಮಾತ್ರ ಇರುತ್ತವೆ. "ಸೇವೆ ಅಲ್ವಾ, ದುಡ್ಡು ಯಾಕೆ?" ಎನ್ನುವ ಮಾತಿನಿಂದ ಆಗುವ ಅನ್ಯಾಯ ನನಗೆ ಸಿಟ್ಟು ತರಿಸುತ್ತದೆ. ಸಂಬಳವಿಲ್ಲದೆ ಎರಡು ವರ್ಷ ದುಡಿಯಬಲ್ಲವರು ಉಳ್ಳವರ ಮನೆಯ ಮಕ್ಕಳು ಮಾತ್ರ. ಹಾಗಾದರೆ ಸಮಾನತೆಯ ಕೆಲಸದಲ್ಲೇ ಬಡವರ ಮನೆಯವರು ಇಲ್ಲದಂತಾಗುತ್ತದೆ. ಸರಿಯಾದ ಸಂಬಳ ಕೇಳಿ. ನಾಳೆ ನೀವು ಕೆಲಸ ಕೊಡುವ ಜಾಗದಲ್ಲಿದ್ದಾಗ ಸರಿಯಾದ ಸಂಬಳ ಕೊಡಿ.

ಹೆಜ್ಜೆ 7: ಬೆಲೆ ತೆರಬೇಕಾಗಬಹುದು, ತಿಳಿದಿರಲಿ

ಜಾನ್ಸ್ ದ್ವೀಪದ ಆ ತರಗತಿಯ ಹಿಂದಿದ್ದವರಲ್ಲಿ ಒಬ್ಬರು ಸೆಪ್ಟಿಮಾ ಕ್ಲಾರ್ಕ್. ಎಷ್ಟೋ ವರ್ಷ ಪಾಠ ಮಾಡಿದ್ದ ಟೀಚರ್. ನಾಗರಿಕ ಹಕ್ಕುಗಳ ಸಂಘಟನೆಯೊಂದರ ಸದಸ್ಯತ್ವ ಬಿಡುವುದಿಲ್ಲ ಎಂದದ್ದಕ್ಕೆ 1956ರಲ್ಲಿ ಅವರ ಕೆಲಸ ಹೋಯಿತು. ಬ್ರೆಜಿಲ್‌ನಲ್ಲಿ ಶಿಕ್ಷಣ ಚಿಂತಕ ಪಾಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿ ಜನರಿಗೆ 40 ಗಂಟೆಗಳಲ್ಲಿ ಓದು-ಬರಹ ಕಲಿಸುವ ಪ್ರಯೋಗ ನಡೆಸಿದರು. ಓದು ಬರದವರಿಗೆ ಆಗ ಅಲ್ಲಿ ಮತ ಹಾಕುವ ಹಕ್ಕಿರಲಿಲ್ಲ. ಮರುವರ್ಷ ಸೇನೆ ಅಧಿಕಾರ ಹಿಡಿಯಿತು, ಫ್ರೇರೆ ಜೈಲಿಗೆ ಹೋದರು, ಆಮೇಲೆ ದೇಶವನ್ನೇ ಬಿಡಬೇಕಾಯಿತು.

ನಿಮಗೆ ಅಷ್ಟೆಲ್ಲ ಆಗಲಿಕ್ಕಿಲ್ಲ. ಆದರೆ ವರ್ಗಾವಣೆ, ಶಾಲೆಯೊಳಗೆ ಬಿಡದಿರುವುದು, "ಇವರು ರಾಜಕೀಯ ಮಾಡ್ತಾರೆ" ಎಂಬ ಮಾತು, ಇವು ಬಂದೇ ಬರುತ್ತವೆ. ಒಬ್ಬರೇ ಕಚೇರಿಗೆ ಹೋಗಬೇಡಿ. ಎಲ್ಲವನ್ನೂ ಬರವಣಿಗೆಯಲ್ಲಿಡಿ. ಪಕ್ಷದ ಕೆಲಸವನ್ನೂ ಇದನ್ನೂ ಒಂದೇ ದಿನ, ಒಂದೇ ಮೈಕಿನಲ್ಲಿ ಮಾಡಬೇಡಿ. ನಿಮಗಾಗುವ ತೊಂದರೆಗಿಂತ ನಿಮ್ಮ ಜೊತೆ ಅರ್ಜಿಗೆ ಸಹಿ ಹಾಕಿದ ಪೋಷಕರಿಗೆ, ಅವರ ಮಗುವಿಗೆ ತರಗತಿಯಲ್ಲಿ ಆಗುವ ತೊಂದರೆ ದೊಡ್ಡದು. ಸಹಿ ಕೇಳುವ ಮೊದಲೇ ಅದನ್ನು ಅವರಿಗೆ ಬಿಡಿಸಿ ಹೇಳಿ. ಬೇಡ ಎಂದರೆ ಒತ್ತಾಯ ಮಾಡಬೇಡಿ.

ದಣಿವೂ ಬರುತ್ತದೆ. ವಾರದಲ್ಲಿ ಒಂದು ದಿನ ಫೋನು ಬದಿಗಿಡಿ. ಇದೇ ಕೆಲಸದಲ್ಲಿರುವ ಇಬ್ಬರು-ಮೂವರು ಗೆಳೆಯರನ್ನು ತಿಂಗಳಿಗೊಮ್ಮೆ ಭೇಟಿ ಮಾಡಿ, ಆಗದ ಕೆಲಸಗಳ ಬಗ್ಗೆ ಮಾತಾಡಿ.

ಹೆಜ್ಜೆ 8: ಹೊರಡುವುದಕ್ಕೂ ತಯಾರಿ ಬೇಕು

ಯೋಜನೆ ಮುಗಿಯುತ್ತದೆ, ಇಲ್ಲವೇ ನಿಮಗೆ ಬೇರೆ ಕಡೆ ಕೆಲಸ ಸಿಗುತ್ತದೆ. ಹೊರಡುವ ಆರು ತಿಂಗಳ ಮೊದಲೇ ನಿಮ್ಮ ಕೈಯಲ್ಲಿರುವುದನ್ನು ಒಂದೊಂದಾಗಿ ದಾಟಿಸಿ. ಯಾವ ಕಚೇರಿಯಲ್ಲಿ ಯಾವ ದಿನ ಯಾರು ಸಿಗುತ್ತಾರೆ ಎಂಬ ಪಟ್ಟಿ. ಸೀಲು ಬಿದ್ದ ಅರ್ಜಿಗಳ ಫೈಲು. ಪ್ರತಿ ವರ್ಷ ತುಂಬಿದ ಹಣದ ಹಾಳೆ. ಮಕ್ಕಳ ಓದಿನ ದಾಖಲೆ, ಅದು ಶಾಲೆಯಲ್ಲೇ ಇರಬೇಕು, ನಿಮ್ಮ ಲ್ಯಾಪ್‌ಟಾಪಿನಲ್ಲಲ್ಲ.

ಮೊದಲ ಎರಡು ತಿಂಗಳು ಪೋಷಕರ ಜೊತೆ ನೀವೂ ಕಚೇರಿಗೆ ಹೋಗಿ, ಮಾತು ಅವರೇ ಆಡಲಿ. ಮುಂದಿನ ಎರಡು ತಿಂಗಳು ಹೊರಗೆ ಬೆಂಚಿನ ಮೇಲೆ ಕೂತಿರಿ. ಕೊನೆಯ ಎರಡು ತಿಂಗಳು ಹೋಗಲೇಬೇಡಿ, ಸಂಜೆ ಫೋನ್ ಮಾಡಿ ಏನಾಯಿತು ಎಂದು ಕೇಳಿ. ಕೆಲವು ದಿನ ಅವರು ಬರಿಗೈಯಲ್ಲಿ ವಾಪಸ್ ಬಂದಿರುತ್ತಾರೆ. ಆಗ "ನಾಳೆ ನಾನೇ ಬರ್ತೀನಿ" ಎನ್ನಬೇಕು ಅನ್ನಿಸುತ್ತದೆ. ಅದರ ಬದಲು "ಮತ್ತೆ ಯಾವತ್ತು ಬನ್ನಿ ಅಂದರು?" ಎಂದು ಕೇಳಿ. ಆ ತಾರೀಖನ್ನು ಅವರ ಕೈಯಿಂದಲೇ ನಡವಳಿ ಪುಸ್ತಕದಲ್ಲಿ ಬರೆಸಿ.